ಊರಿನ ಲೆಕ್ಕವೂ ಮನೆಯ ಲೆಕ್ಕವೂ

ಹಿಂಸೆಯು ಯಾವ ಊರಿನಲ್ಲಿ ಹೆಚ್ಚು, ಯಾವ ಊರಿನಲ್ಲಿ ಕಡಮೆ ಎಂಬುದು ಮೇಲ್ನೋಟಕ್ಕೆ ಎಣಿಕೆಯ ಪ್ರಶ್ನೆ. ಎಣಿಸಿ ನೋಡಿದರೆ ತೀರಿತೆಂದು ನಾವು ತಿಳಿಯುತ್ತೇವೆ. ಆದರೆ ಎಣಿಸುವವರು ಯಾರು, ಎಣಿಕೆಗೆ ಸಿಕ್ಕಿದುದೆಷ್ಟು, ಸಿಕ್ಕದೆ ಉಳಿದುದೆಷ್ಟು ಎಂದು ವಿಚಾರಿಸುತ್ತ ಹೋದರೆ ಅದೇ ಪ್ರಶ್ನೆಯು ಧರ್ಮದ ಪ್ರಶ್ನೆಯಾಗಿ ಪರಿಣಮಿಸುತ್ತದೆ. ಗೃಹಸ್ಥರೊಬ್ಬರಿಗೆ ಉತ್ತರ ಹೇಳಲು ಹೋಗಿ ನಾನೇ ತೊಡಕಿಗೆ ಸಿಕ್ಕಿ ಇದನ್ನು ಕಲಿತೆನು. ಕಲಿತುದನ್ನು ಶರಣಬಂಧುಗಳ ಮುಂದೆ ಇಡುವೆನು.

2024ನೆಯ ಇಸವಿಯ ಬೇಸಗೆಯಲ್ಲಿ ಹಿರಿಯೂರಿನ ಸದ್ಭಕ್ತರೊಬ್ಬರು ನಮ್ಮ ಪಾಠಶಾಲೆಗೆ ಬಂದರು. ಅವರ ಮಗಳು ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಒಂದು ಕಂಪನಿಯಲ್ಲಿ ಕೆಲಸಕ್ಕೆ ಆಯ್ಕೆಯಾಗಿದ್ದಳು. ಬೆಂಗಳೂರು, ಹೈದರಾಬಾದು, ಪುಣೆ ಈ ಮೂರರಲ್ಲಿ ಒಂದು ಊರನ್ನು ಅವಳು ಆರಿಸಿಕೊಳ್ಳಬೇಕಾಗಿತ್ತು. ಗೃಹಸ್ಥರು ಅಂಗಿಯ ಜೇಬಿನಿಂದ ಪತ್ರಿಕೆಯ ತುಣುಕೊಂದನ್ನು ತೆಗೆದು ನನ್ನ ಮುಂದೆ ಹಿಡಿದರು.

"ಮೇಷ್ಟ್ರೇ, ತಾವೇ ನೋಡಿ. 2022ರಲ್ಲಿ ಕೊಲ್ಕತ್ತಾದಲ್ಲಿ ಲಕ್ಷ ಜನಕ್ಕೆ 86.5 ಅಪರಾಧ. ಪುಣೆಯಲ್ಲಿ 280.7, ಹೈದರಾಬಾದಿನಲ್ಲಿ 299.2. ಕೊಲ್ಕತ್ತಾದಲ್ಲಿ ಇವಳಿಗೆ ಕೆಲಸವಿಲ್ಲ. ಉಳಿದ ಕಡೆ ಕಳಿಸಲು ನನಗೆ ಧೈರ್ಯ ಬರುವುದಿಲ್ಲ. ಹೊಸದುರ್ಗದ ಕಡೆಯಿಂದ ಒಂದು ಸಂಬಂಧ ಬಂದಿದೆ. ತೆಂಗಿನ ತೋಟ, ದೊಡ್ಡ ಮನೆ. ಮದುವೆ ಮಾಡಿಕೊಟ್ಟರೆ ಮನೆಯೊಳಗೆ ಕ್ಷೇಮವಾಗಿರುತ್ತಾಳೆ. ತಾವು ಏನು ಹೇಳುತ್ತೀರಿ?"

ಇಲ್ಲಿ ಒಂದು ಪೂರ್ವಪಕ್ಷವಿದೆ: ಮಹಾನಗರವು ಹಿಂಸೆಯ ಬೀಡು, ನಮ್ಮ ಊರು ಧರ್ಮದ ನೆಲೆ, ಮನೆಯಂತೂ ಎಲ್ಲಕ್ಕಿಂತ ನಿರ್ಭಯವಾದ ಸ್ಥಳ. ನಮ್ಮಲ್ಲಿ ಬಹುಜನರು ನಂಬಿರುವ ಪಕ್ಷವೇ ಇದು. ಮೊದಲು ಆ ತುಣುಕಿನ ಅಂಕೆಗಳನ್ನೇ ಪರೀಕ್ಷಿಸೋಣ.

ನಮ್ಮ ದೇಶದಲ್ಲಿ ಅಪರಾಧಗಳ ವಾರ್ಷಿಕ ಲೆಕ್ಕವು 1953ನೆಯ ಇಸವಿಯಿಂದ ಪ್ರಕಟವಾಗುತ್ತ ಬಂದಿದೆ. 1986ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಈಗ ಈ ಕೆಲಸವನ್ನು ನೋಡಿಕೊಳ್ಳುತ್ತದೆ. 2022ರ ವರದಿಯಲ್ಲಿ ಇಪ್ಪತ್ತು ಲಕ್ಷಕ್ಕೆ ಮೀರಿದ ಜನಸಂಖ್ಯೆಯುಳ್ಳ 19 ಮಹಾನಗರಗಳಿಗೆ ಪ್ರತ್ಯೇಕ ಕೋಷ್ಟಕಗಳುಂಟು. ಆ ಗೃಹಸ್ಥರು ತಂದಿದ್ದ ಅಂಕೆಗಳು ಅಲ್ಲಿಂದಲೇ ಬಂದವು. ಅಂಕೆ ಸುಳ್ಳಲ್ಲ; ಆದರೆ ಅದು ಯಾವುದರ ಅಂಕೆ ಎಂಬುದನ್ನು ಅವರು ವಿಚಾರಿಸಿರಲಿಲ್ಲ.

ಆ 86.5, 280.7, 299.2 ಎಂಬವು ಕೊಲೆ, ಹಲ್ಲೆಗಳ ಸಂಖ್ಯೆಗಳಾಗಿರದೆ, ಪೊಲೀಸರು ವಾರಂಟಿಲ್ಲದೆ ವಿಚಾರಣೆಗೆ ತೆಗೆದುಕೊಳ್ಳಬಹುದಾದ ದಂಡಸಂಹಿತೆಯ ಅಪರಾಧಗಳೆಲ್ಲದರ ಮೊತ್ತ. ಜೇಬುಗಳ್ಳತನ, ಮೋಸ, ಬೈಸಿಕಲ್ಲು ಕದ್ದುದು, ಕೊಲೆ ಎಲ್ಲವೂ ಒಂದೇ ಕಣಜದಲ್ಲಿ ಬಿದ್ದಿವೆ. ರಾಗಿ, ಜೋಳ, ಕಡಲೆಗಳನ್ನು ಒಂದರಲ್ಲೇ ಸುರಿದು ಅಳೆದರೆ ಕಾಳಿನ ಮೊತ್ತ ತಿಳಿದೀತೇ ಹೊರತು ರಾಗಿ ಎಷ್ಟೆಂಬುದು ತಿಳಿಯಲಾರದು.

ಇನ್ನು ಭಾಜಕದ ವಿಚಾರ. ಲಕ್ಷಕ್ಕೆ ಇಷ್ಟು ಎಂದು ಹೇಳಬೇಕಾದರೆ ಜನಸಂಖ್ಯೆಯಿಂದ ಭಾಗಿಸಬೇಕಷ್ಟೆ. ಮಹಾನಗರಗಳ ಮಟ್ಟಿಗೆ 2022ರ ವರದಿಯೂ 2011ರ ಜನಗಣತಿಯ ಸಂಖ್ಯೆಯಿಂದಲೇ ಭಾಗಿಸಿದೆ. 2011ರಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 85 ಲಕ್ಷ. ಆ ಬಳಿಕ ನಮ್ಮ ಹೊಳಲ್ಕೆರೆ, ಹೊಸದುರ್ಗಗಳಿಂದಲೇ ಎಷ್ಟು ಮನೆಯ ಮಕ್ಕಳು ಅಲ್ಲಿಗೆ ಹೋಗಿ ನೆಲೆಸಿದರೆಂಬುದನ್ನು ಓದುಗರೇ ಎಣಿಸಿಕೊಳ್ಳಬಹುದು. ಆ ನಗರವು ಕೋಟಿಯನ್ನು ದಾಟಿ ಬಹುಕಾಲವಾಯಿತು. ಭಾಜಕ ಚಿಕ್ಕದಾದರೆ ಭಾಗಲಬ್ಧ ದೊಡ್ಡದಾಗುವುದೆಂದು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ವೇಗವಾಗಿ ಬೆಳೆದ ಊರು ಹೀಗಾಗಿ ಕೋಷ್ಟಕದಲ್ಲಿ ತಾನಿರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ; ನಿಧಾನವಾಗಿ ಬೆಳೆದ ಊರಿಗೆ ಆ ದೋಷ ಅಷ್ಟಾಗಿ ತಗಲುವುದಿಲ್ಲ.

ಚಿಕ್ಕ ಊರುಗಳಲ್ಲಿ ಇನ್ನೊಂದು ಬಗೆಯ ಮೋಸವುಂಟು. ಹಿರಿಯೂರು ಪಟ್ಟಣದಲ್ಲಿ 2011ರಲ್ಲಿ ಐವತ್ತು ಸಾವಿರಕ್ಕೆ ಮೇಲ್ಪಟ್ಟು ಜನರಿದ್ದರು. ಅಂಥ ಊರಿನಲ್ಲಿ ಒಂದು ವರ್ಷ ಕೊಲೆಯೇ ಆಗದಿದ್ದರೆ ಪ್ರಮಾಣ ಸೊನ್ನೆ, ಒಂದು ಕೊಲೆಯಾದರೆ ಲಕ್ಷಕ್ಕೆ ಹೆಚ್ಚುಕಡಮೆ ಎರಡು, ಎರಡಾದರೆ ನಾಲ್ಕು. ಒಬ್ಬ ಕುಡುಕನ ಒಂದು ಸಂಜೆಯ ಕೋಪದಿಂದ ಒಂದು ಊರೇ ಸಾತ್ತ್ವಿಕದಿಂದ ತಾಮಸಕ್ಕೆ ಇಳಿಯಿತೆಂದು ಹೇಳುವುದು ಸರಿಯೆ? ಒಂದು ವರ್ಷದ ಸೊನ್ನೆಯನ್ನು ಹಿಡಿದುಕೊಂಡು ಹೆಮ್ಮೆಪಡುವುದೂ ಅಷ್ಟೇ ಅಪಕ್ವವಾದುದು.

ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆ. ಕೋಷ್ಟಕವು ನಡೆದ ಅಪರಾಧಗಳನ್ನು ಎಣಿಸುವುದಿಲ್ಲ. ಠಾಣೆಯಲ್ಲಿ ಬರೆದುಕೊಂಡ ಅಪರಾಧಗಳನ್ನು ಎಣಿಸುತ್ತದೆ. ಒಂದೇ ಪ್ರಕರಣದಲ್ಲಿ ಹಲವು ಅಪರಾಧಗಳಿದ್ದರೆ ಅತಿ ಘೋರವಾದ ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ಪದ್ಧತಿಯೂ ಉಂಟು. ಅಪರಾಧ ಹೆಚ್ಚುವುದು ಬೇರೆ, ದಾಖಲೆ ಹೆಚ್ಚುವುದು ಬೇರೆ ಎಂದು ಆ ಬ್ಯೂರೋದವರೇ ತಮ್ಮ ವರದಿಯಲ್ಲಿ ಎಚ್ಚರಿಸಿದ್ದಾರೆ. ಪತ್ರಿಕೆಯ ತುಣುಕಿನಲ್ಲಿ ಆ ಎಚ್ಚರಿಕೆಗೆ ಸ್ಥಳವಿರಲಿಲ್ಲ.

ಇದಕ್ಕೆ ದೃಷ್ಟಾಂತ ಬೇಕಾದರೆ ದೆಹಲಿಯನ್ನು ನೋಡಬಹುದು. ಅಲ್ಲಿ 2012ರಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 706, 2013ರಲ್ಲಿ 1,636. ಹನ್ನೆರಡು ತಿಂಗಳಲ್ಲಿ ಆ ನಗರದ ಗಂಡಸರು ಇಮ್ಮಡಿಗೂ ಮೀರಿ ದುಷ್ಟರಾದರೆ? 2012ರ ಡಿಸೆಂಬರಿನಲ್ಲಿ ಓಡುವ ಬಸ್ಸಿನಲ್ಲಿ ಒಬ್ಬ ತರುಣಿಯ ಮೇಲೆ ನಡೆದ ಘೋರಕೃತ್ಯದಿಂದ ದೇಶವೇ ಎದ್ದು ಕುಳಿತಿತು; 2013ರಲ್ಲಿ ಕಾನೂನಿನ ವ್ಯಾಖ್ಯೆ ವಿಸ್ತಾರವಾಯಿತು; ದೂರನ್ನು ಬರೆದುಕೊಳ್ಳದ ಅಧಿಕಾರಿಗೇ ಶಿಕ್ಷೆಯುಂಟೆಂದಾಯಿತು; ಬಾಯಿ ಕಟ್ಟಿಕೊಂಡಿದ್ದ ಹೆಣ್ಣುಮಕ್ಕಳು ಮಾತನಾಡಿದರು. ಅಂಕೆ ಏರಿದುದರಲ್ಲಿ ಲಜ್ಜೆಯ ಭಾಗವೆಷ್ಟೋ ಧೈರ್ಯದ ಭಾಗವೂ ಅಷ್ಟೇ ಇತ್ತು.

ನಮ್ಮ ಸೀಮೆಯವರಿಗೆ ಇದನ್ನು ಮಾರಿಕಣಿವೆಯ ಉಪಮಾನದಿಂದ ಹೇಳಬಹುದು. ವಾಣೀವಿಲಾಸ ಸಾಗರವು 1933ರಲ್ಲಿ ತುಂಬಿದ ಮೇಲೆ ಮತ್ತೆ ಕೋಡಿ ಹರಿದುದು 2022ರಲ್ಲಿ, ಭದ್ರೆಯ ನೀರೂ ಸೇರಿದ ಮೇಲೆ. ನಡುವಣ 89 ವರ್ಷಗಳ ಕಾಲ ವೇದಾವತಿಯ ಜಲಾನಯನದಲ್ಲಿ ಒಳ್ಳೆಯ ಮಳೆಯೇ ಬೀಳಲಿಲ್ಲವೆ? ಬಿದ್ದಿತು. ಕೆರೆಗಳಲ್ಲಿ, ಒಡ್ಡುಗಳಲ್ಲಿ, ಹೊಲಗಳಲ್ಲಿ ಬಹುಪಾಲು ನಿಂತುಹೋಯಿತು. ಕಣಿವೆಯ ಅಳತೆಗೋಲು ತನ್ನ ಬುಡಕ್ಕೆ ಬಂದ ನೀರನ್ನು ಹೇಳಬಲ್ಲುದು. ಮೇಲೆ ಎಷ್ಟು ಮಳೆ ಸುರಿಯಿತೆಂದು ಅದಕ್ಕೇನು ಗೊತ್ತು? ಠಾಣೆಯ ಪುಸ್ತಕವೂ ಅಂಥದೇ ಅಳತೆಗೋಲು. ಕಣ್ಣೀರು ಅಲ್ಲಿಯವರೆಗೆ ಹರಿದು ಬರಲು ದಾರಿ ತೆರೆದಿರಬೇಕು. ನಡುವೆ ಮಾನದ ಒಡ್ಡು, ಜಾತಿಯ ಒಡ್ಡು, ಬಡತನದ ಒಡ್ಡು, ಹಿರಿಯರ ಒಡ್ಡುಗಳಿದ್ದರೆ ಪುಸ್ತಕ ಒಣಗಿಯೇ ಇರುತ್ತದೆ.

ತರ್ಕವನ್ನು ಓದಿದವರು ಅನುಪಲಬ್ಧಿಯ ವಿಚಾರವನ್ನು ಬಲ್ಲರು. ನೆಲದ ಮೇಲೆ ಗಡಿಗೆ ಕಾಣುವುದಿಲ್ಲ, ಆದುದರಿಂದ ಗಡಿಗೆ ಇಲ್ಲ ಎಂದು ನಿಶ್ಚಯಿಸುವುದುಂಟು. ಆದರೆ ಅದಕ್ಕೆ ಒಂದು ನಿಬಂಧನೆ: ಗಡಿಗೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬಷ್ಟು ಬೆಳಕಿರಬೇಕು. ಕತ್ತಲೆಯ ಕೋಣೆಯಲ್ಲಿ ಕಾಣಲಿಲ್ಲವೆಂಬುದು ಯಾವುದನ್ನೂ ಸಾಧಿಸುವುದಿಲ್ಲ. ನಮ್ಮೂರಿನ ಠಾಣೆಯಲ್ಲಿ ಪ್ರಕರಣವಿಲ್ಲ, ಆದುದರಿಂದ ನಮ್ಮೂರಿನಲ್ಲಿ ಹಿಂಸೆಯಿಲ್ಲ ಎನ್ನುವವರು ಮೊದಲು ದೀಪ ಹಚ್ಚಿದ್ದೇವೆಯೇ ಎಂದು ಕೇಳಿಕೊಳ್ಳತಕ್ಕದ್ದು.

ಹಾಗಾದರೆ ಊರೂರುಗಳನ್ನು ಹೋಲಿಸುವುದೇ ವ್ಯರ್ಥವೆ? ಹಾಗೆ ಹೇಳಲಾಗದು. ಹಲವು ವರ್ಷಗಳ ಸರಾಸರಿಯನ್ನು ತೆಗೆದುಕೊಂಡು, ಒಂದೇ ಬಗೆಯ ಅಪರಾಧವನ್ನು ಆರಿಸಿಕೊಂಡು ಹೋಲಿಸಿದರೆ ಪ್ರಯೋಜನವುಂಟು. ಕೊಲೆಯ ಲೆಕ್ಕವು ಈ ಕೆಲಸಕ್ಕೆ ಇತರ ಲೆಕ್ಕಗಳಿಗಿಂತ ಮೇಲು, ಏಕೆಂದರೆ ಹೆಣವನ್ನು ಬಚ್ಚಿಡುವುದು ಬಾಸುಂಡೆಯನ್ನು ಬಚ್ಚಿಡುವಷ್ಟು ಸುಲಭವಲ್ಲ. 2022ರಲ್ಲಿ ಭಾರತದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522, ಎಂದರೆ ಲಕ್ಷಕ್ಕೆ 2.1. ವಿಶ್ವಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಇಡೀ ಜಗತ್ತಿನ ಪ್ರಮಾಣ ಲಕ್ಷಕ್ಕೆ 5.8. ಇಷ್ಟರಮಟ್ಟಿಗೆ ನಾವು ಸಮಾಧಾನಪಡಬಹುದು.

ಆದರೆ ಆ 28,522ರ ಒಳಹೊಕ್ಕು ನೋಡಿದರೆ ಸಮಾಧಾನ ನಿಲ್ಲುವುದಿಲ್ಲ. ಅವುಗಳಲ್ಲಿ 9,962 ಕೊಲೆಗಳಿಗೆ ಕಾರಣ ಜಗಳ. 3,761ಕ್ಕೆ ವೈಯಕ್ತಿಕ ದ್ವೇಷ. 1,884ಕ್ಕೆ ಹಣದ ಲಾಭ. ನಗರವೆಂದೊಡನೆ ನಾವು ಹೆದರುವುದು ಕತ್ತಲೆಯಲ್ಲಿ ಬರುವ ದರೋಡೆಗಾರನಿಗೆ. ಲೆಕ್ಕ ತೋರಿಸುವುದಾದರೋ ಬದುವಿಗಾಗಿ, ನೀರಿಗಾಗಿ, ಒಂದು ಮಾತಿಗಾಗಿ ಕೈ ಎತ್ತಿದ ಪರಿಚಿತನನ್ನು. ಕೋಪವು ಎದುರಾಳಿಗೆ ಮೊದಲು ಕೋಪಿಷ್ಠನನ್ನೇ ಕೆಡಿಸುವುದೆಂದು ಬಸವಣ್ಣನವರು ಬೋಧಿಸಿದುದು ಕಾಡಿನ ಕಳ್ಳರಿಗಲ್ಲ, ಮನೆಮಠಗಳಲ್ಲಿ ಬಾಳುವ ನಮ್ಮಂಥವರಿಗೆ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಗೃಹಸ್ಥರ ಪೂರ್ವಪಕ್ಷವು ತಲೆಕೆಳಗಾಗುತ್ತದೆ. 2022ರಲ್ಲಿ ಜಗತ್ತಿನಲ್ಲಿ ಕೊಲೆಯಾದ ಸುಮಾರು 89,000 ಸ್ತ್ರೀಯರಲ್ಲಿ ಸುಮಾರು 48,800 ಮಂದಿ ತಮ್ಮ ಸಂಗಾತಿ ಅಥವಾ ಕುಟುಂಬದವರ ಕೈಯಲ್ಲೇ ಸತ್ತರೆಂದು ವಿಶ್ವಸಂಸ್ಥೆ ಹೇಳುತ್ತದೆ. ಅರ್ಧಕ್ಕಿಂತ ಹೆಚ್ಚು. ನಮ್ಮ ದೇಶದಲ್ಲಿ ಅದೇ ವರ್ಷ ಆರು ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ದಾಖಲಾದವು. ಅವು ಕೊಲೆಯ ಲೆಕ್ಕದಲ್ಲಿ ಸೇರಿಲ್ಲ, ಅವಕ್ಕೆ ಬೇರೊಂದು ಶೀರ್ಷಿಕೆ. ಸ್ತ್ರೀಯರ ಮೇಲಣ ಅಪರಾಧಗಳಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಗಂಡ ಅಥವಾ ಅವನ ಬಂಧುಗಳ ಕ್ರೌರ್ಯ, ಶೇಕಡಾ 31.4. ಬೀದಿಗೆ ಹೆದರಿ ಮಗಳನ್ನು ಬಾಗಿಲೊಳಗೆ ಇಡುವ ತಂದೆಯು ಬಾಗಿಲೊಳಗೆ ಏನಿದೆಯೆಂದು ನೋಡಬೇಡವೆ? ಚಿತ್ರದುರ್ಗದ ಏಳುಸುತ್ತಿನ ಕೋಟೆಗೆ ಹೆಬ್ಬಾಗಿಲುಗಳಿದ್ದುವು, ಕಾವಲಿತ್ತು. ಶತ್ರು ನುಸುಳಿದುದು ಯಾರೂ ಲೆಕ್ಕಕ್ಕೆ ಹಿಡಿಯದ ಕಿಂಡಿಯಲ್ಲಿ. ಅಂದು ಅಲ್ಲಿ ಓಬವ್ವ ಇದ್ದಳು.

ಇಷ್ಟೆಲ್ಲವನ್ನು ನಾನು ಆ ಗೃಹಸ್ಥರಿಗೆ ಪಾಂಡಿತ್ಯದಿಂದ ಹೇಳಿ ಮುಗಿಸಬಹುದಾಗಿತ್ತು. ಆದರೆ 'ಮನೆಯೊಳಗೆ ಕ್ಷೇಮ' ಎಂಬ ಅವರ ಮಾತು ಕಿವಿಗೆ ಬಿದ್ದೊಡನೆ ನನ್ನ ನಾಲಗೆ ತಡೆಯಿತು. ಕಾರಣವನ್ನು ಮರೆಮಾಚದೆ ಬರೆಯುತ್ತೇನೆ.

ಹಲವು ವರ್ಷಗಳ ಹಿಂದೆ ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ತರುಣಿಯೊಬ್ಬಳು ಗಂಡನ ಮನೆಯಿಂದ ಮುರಿದ ಮುಂಗೈಯೊಡನೆ ತವರಿಗೆ ಬಂದಳು. ಅವಳ ತಂದೆ ಠಾಣೆಗೆ ಹೊರಟು ನಿಂತಿದ್ದನು. ಹಿರಿಯರು ಜಗಲಿಯಲ್ಲಿ ಸೇರಿದರು; ನಾಲ್ಕು ಅಕ್ಷರ ಬಲ್ಲವನೆಂದು ನನ್ನನ್ನೂ ಕರೆಸಿದರು. ನಾನು ಕ್ಷಮೆಯ ಮಹಿಮೆಯನ್ನು ಹೇಳಿದೆನು. ಠಾಣೆಯ ಮೆಟ್ಟಿಲು ಹತ್ತಿದರೆ ಎರಡು ಮನೆಗಳ ಮಾನ ಹೋಗುವುದೆಂದೆನು. ಗಂಡನು ಹಿರಿಯರ ಕಾಲಿಗೆರಗಿದನು, ವಿಭೂತಿ ಧರಿಸಿ ಇನ್ನು ಹೀಗೆ ಮಾಡುವುದಿಲ್ಲವೆಂದನು, ಎಲೆಯಡಿಕೆ ಹಂಚಿದರು. ಆಸ್ಪತ್ರೆಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಳೆಂದು ಬರೆಸಿದರು. ಅವಳನ್ನು ಯಾರೂ ಏನನ್ನೂ ಕೇಳಲಿಲ್ಲ. ಹೊರಡುವಾಗ ಅವಳು ನನ್ನ ಮುಖ ನೋಡಿ, "ಗುರುಗಳೇ, ತಾವೂ ಹೀಗೇ ಹೇಳ್ತೀರಾ?" ಎಂದಳು. ನಾನು ಉತ್ತರ ಕೊಡಲಿಲ್ಲ.

ವರ್ಷ ತುಂಬುವುದರೊಳಗೆ ಅವಳು ಮತ್ತೆ ತವರಿಗೆ ಬಂದಳು, ಈ ಬಾರಿ ಹಿಂದಿರುಗದಂತೆ. ಈಗ ಬಟ್ಟೆ ಹೊಲಿದು ಜೀವನ ಮಾಡುತ್ತಿದ್ದಾಳೆ. ಮುಂಗೈ ಸೊಟ್ಟಗೆ ಕೂಡಿಕೊಂಡಿದೆ. ಆ ಮುರಿತವು ಯಾವ ಠಾಣೆಯ ಪುಸ್ತಕದಲ್ಲೂ ಇಲ್ಲ. ಅದರ ಮಟ್ಟಿಗೆ ಆ ಹಳ್ಳಿಯ ಲೆಕ್ಕ ಶೂನ್ಯ. ಶೂನ್ಯವೆಂಬುದು ನಮ್ಮ ಶರಣರ ಪರಿಭಾಷೆಯಲ್ಲಿ ಪೂರ್ಣಕ್ಕೆ ಹೆಸರು. ಅಂಥ ಪದವು ಇಂಥ ಸುಳ್ಳಿಗೂ ಒದಗಿ ಬಂದುದು ನನಗೆ ನಾಚಿಕೆ. ಆ ಶೂನ್ಯವನ್ನು ಬರೆದ ಕೈಗಳಲ್ಲಿ ನನ್ನದೂ ಒಂದು.

ನಾನು ಅಂದು ಕ್ಷಮೆಯೆಂದು ಕರೆದುದು ಕ್ಷಮೆಯಾಗಿರಲಿಲ್ಲ. ಕ್ಷಮಿಸುವ ಅಧಿಕಾರ ಪೆಟ್ಟು ತಿಂದವಳದು, ನೋಡುತ್ತ ಕುಳಿತವರದಲ್ಲ. ನಮ್ಮ ಪಂಚಾಚಾರಗಳಲ್ಲಿ ಸದಾಚಾರದ ಜೊತೆಗೆ ಗಣಾಚಾರವನ್ನೂ ಇಟ್ಟಿದ್ದಾರೆ. ತಾನು ಕೆಡುಕು ಮಾಡದಿರುವುದು ಸದಾಚಾರ. ಕಣ್ಣ ಮುಂದೆ ಕೆಡುಕು ನಡೆಯುವಾಗ ಸೈರಿಸಿ ಕೂರದಿರುವುದು ಗಣಾಚಾರ. ಇದನ್ನು ಹೊರಗಿನವರೊಡನೆ ವಾದಿಸುವುದಕ್ಕೆ ಮಾತ್ರ ಮೀಸಲಿಟ್ಟು, ನಮ್ಮ ಮನೆ, ನಮ್ಮ ಶಾಲೆ, ನಮ್ಮ ಮಠಗಳ ಅಂಗಳದಲ್ಲಿ ಮರೆತರೆ ಅದು ಆಚಾರವೆನಿಸಲಾರದು. ದಯೆಯನ್ನು ಧರ್ಮಕ್ಕೆ ಆಧಾರವಾಗಿ ಇಟ್ಟ ಶರಣರು ಆ ದಯೆ ಯಾರ ಕಡೆಗೆ ಮೊದಲು ಹರಿಯಬೇಕೆಂಬುದರಲ್ಲಿ ಸಂದೇಹಕ್ಕೆ ಎಡೆಗೊಡಲಿಲ್ಲ.

ಊರಿಗೆ ಸ್ವಭಾವದಿಂದ ಪುಣ್ಯವಾಗಲಿ ಪಾಪವಾಗಲಿ ಇಲ್ಲ. ಅನುಭವಮಂಟಪದಲ್ಲಿ ಶರಣರು ಕೂಡಿ ಕುಳಿತುದು ಕಲ್ಯಾಣದಲ್ಲಿ. ಹರಳಯ್ಯ ಮಧುವಯ್ಯಗಳನ್ನು ಎಳೆಹೂಟೆಗೆ ಗುರಿಮಾಡಿದರೆಂದು ಪರಂಪರೆ ಹೇಳುವುದೂ ಅದೇ ಕಲ್ಯಾಣದಲ್ಲಿ. ಒಂದೇ ನಗರ, ಒಂದೇ ಕಾಲ.

ಆ ಗೃಹಸ್ಥರು ಬಂದು ಹೋದ ವರ್ಷವೇ ಇದಕ್ಕೆ ಎರಡು ಸಾಕ್ಷಿಗಳು ದೊರೆತುವು. 2024ರ ಜೂನ್ ತಿಂಗಳಲ್ಲಿ ನಮ್ಮ ಚಿತ್ರದುರ್ಗದ ಯುವಕನೊಬ್ಬನು ಬೆಂಗಳೂರಿನಲ್ಲಿ ಹತನಾದನು. ತಪ್ಪಿತಸ್ಥರು ಯಾರೆಂದು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ನಾವು ಆ ಮಾತಿಗೆ ಹೋಗಬಾರದು. ಆದರೆ ಆ ಸಾವು ಬೆಂಗಳೂರಿನ ಲೆಕ್ಕಕ್ಕೆ ಸೇರಿತು, ದುಃಖ ಚಿತ್ರದುರ್ಗದ ಮನೆಗೆ ಬಂದಿತು. ಕೋಷ್ಟಕದ ಗೆರೆಗಳು ಊರುಗಳನ್ನು ಬೇರ್ಪಡಿಸುತ್ತವೆ. ನೋವು ಆ ಗೆರೆಗಳನ್ನು ಅರಿಯದು. ಅದೇ ವರ್ಷ ಆಗಸ್ಟ್ 9ರಂದು ಕೊಲ್ಕತ್ತಾದ ಸರಕಾರಿ ಆಸ್ಪತ್ರೆಯೊಂದರಲ್ಲಿ, ಕರ್ತವ್ಯದ ಮೇಲಿದ್ದ ತರುಣ ವೈದ್ಯೆಯೊಬ್ಬಳು ಅತ್ಯಾಚಾರಕ್ಕೀಡಾಗಿ ಕೊಲೆಯಾದಳು. ಎಲ್ಲಕ್ಕಿಂತ ಕಡಮೆ ಅಂಕೆಯುಳ್ಳ ನಗರವೆಂದು ಆ ತುಣುಕಿನಲ್ಲಿದ್ದುದು ಅದೇ ಕೊಲ್ಕತ್ತಾ. ಒಂದು ಘಟನೆಯಿಂದ ಕೋಷ್ಟಕ ಸುಳ್ಳಾಗುವುದಿಲ್ಲ, ನಿಜ. ಆದರೆ ಆ ಕೋಷ್ಟಕದಿಂದ ಅವಳಿಗೆ ಕಾವಲು ದೊರೆಯಲೂ ಇಲ್ಲ.

ಇನ್ನು ಗೃಹಸ್ಥರಿಗೆ ನಾನು ಏನು ಹೇಳಿದೆನೆಂದು ಓದುಗರು ಕೇಳಬಹುದು. ಮುರಿದ ಮುಂಗೈಯ ಕಥೆಯನ್ನು ಹೆಸರಿಲ್ಲದೆ ಹೇಳಿದೆನು. ಬಳಿಕ, "ಯಜಮಾನರೇ, ಯಾವ ಊರಿನಲ್ಲಿ ಅಂಕೆ ಕಡಮೆ ಎಂದು ಕೇಳಬೇಡಿ. ನಾಳೆ ನಿಮ್ಮ ಮಗಳ ಮೇಲೆ ಯಾರಾದರೂ ಕೈ ಎತ್ತಿದರೆ ಅವಳು ಯಾರಿಗೆ ಹೇಳುತ್ತಾಳೆ? ಹೇಳಿದರೆ ನೀವು ನಂಬುತ್ತೀರಾ? ನಂಬಿದ ಮೇಲೆ ಮಾನಕ್ಕೆ ಹೆದರದೆ ಅವಳ ಜೊತೆ ನಿಲ್ಲುತ್ತೀರಾ?" ಎಂದು ಕೇಳಿದೆನು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ ನಾನೇ, "ಮಗಳ ಮನಸ್ಸಿನಲ್ಲಿ ಏನಿದೆ?" ಎಂದೆನು. "ಕೇಳಲಿಲ್ಲ ಮೇಷ್ಟ್ರೇ," ಎಂದರು.

ಅವರು ಮನೆಗೆ ಹೋಗಿ ಕೇಳಿದರು. ಅವಳು ಬೆಂಗಳೂರನ್ನು ಆರಿಸಿಕೊಂಡಳು. ಅಲ್ಲಿ ಕ್ಷೇಮವಾಗಿದ್ದಾಳೆಂಬುದು ನನ್ನ ವಾದಕ್ಕೆ ಪ್ರಮಾಣವಲ್ಲ. ಮದುವೆಯಾಗಿ ಹೊಸದುರ್ಗಕ್ಕೆ ಹೋಗಿದ್ದರೂ ಕ್ಷೇಮವಾಗಿಯೇ ಇರುತ್ತಿದ್ದಳೋ ಏನೋ. ವ್ಯತ್ಯಾಸ ಬೇರೊಂದು ಕಡೆ ಆಗಿದೆ. ಈಗ ಅವಳು ಏನನ್ನಾದರೂ ಹೇಳಬಯಸಿದರೆ ಕೇಳಲು ಒಬ್ಬ ತಂದೆ ಇದ್ದಾರೆ.

ಗೃಹಸ್ಥರು ತಿಳಿದಿರತಕ್ಕ ಎರಡು ಮೂರು ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುವೆನು. ಆಪತ್ತಿನಲ್ಲಿ 112 ಎಂಬ ಸಂಖ್ಯೆಗೂ, ಹೆಣ್ಣುಮಕ್ಕಳು 181ಕ್ಕೂ ಕರೆ ಮಾಡಬಹುದು. ಘಟನೆ ಎಲ್ಲಿಯೇ ನಡೆದಿರಲಿ, ಗಂಭೀರ ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದೆಂದು 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸ್ಪಷ್ಟವಾಗಿದೆ. ಬೆಂಗಳೂರಿನಲ್ಲಿ ನಡೆದುದನ್ನು ಹಿರಿಯೂರಿನಲ್ಲೂ ಬರೆಸಬಹುದು. ಮನೆಯೊಳಗಿನ ದೌರ್ಜನ್ಯದಿಂದ ಸ್ತ್ರೀಯರನ್ನು ರಕ್ಷಿಸುವ ಕಾನೂನು 2005ರಲ್ಲಿಯೇ ಬಂದಿದೆ. ಆದರೆ ಯಾವ ಕಾನೂನೂ ಜಗಲಿಯ ಮೇಲೆ ಕುಳಿತ ಹಿರಿಯರ ಒಂದು ಮಾತನ್ನು ದಾಟಿಕೊಂಡು ಸುಲಭವಾಗಿ ಒಳಗೆ ಬರಲಾರದು. ಆ ಮಾತು ನಮ್ಮ ಬಾಯಿಯಿಂದ ಏನಾಗಿ ಹೊರಡಬೇಕೆಂಬುದನ್ನು ನಾವು ಈಗಲೇ ನಿಶ್ಚಯಿಸಿಕೊಳ್ಳಬೇಕು.

ಆದುದರಿಂದ ಮುಂದೆ ಪತ್ರಿಕೆಯಲ್ಲಿ ನಗರಗಳ ಕೋಷ್ಟಕವನ್ನು ಕಂಡಾಗ, ಶರಣಬಂಧುಗಳೇ, ಓದಿರಿ, ತಿರಸ್ಕರಿಸಬೇಡಿರಿ. ಬೇರೆ ಊರಿನ ಅಂಕೆಯನ್ನು ನೋಡಿದ ಕಣ್ಣಿನಿಂದಲೇ ನಮ್ಮ ಬೀದಿಯನ್ನೂ ನೋಡಿಕೊಳ್ಳಿರಿ. ಅಲ್ಲಿ ಜಾರಿ ಬಿದ್ದವರು ಎಷ್ಟು ಮಂದಿ, ಬಾಗಿಲು ತಾಗಿ ಹಣೆ ಒಡೆದುಕೊಂಡವರು ಎಷ್ಟು ಮಂದಿ ಎಂದು ಒಮ್ಮೆ ಎಣಿಸಿರಿ. ಆ ಲೆಕ್ಕವನ್ನು ಯಾವ ಬ್ಯೂರೋದವರೂ ಬರೆಯಲಾರರು. ಅದನ್ನು ಬರೆಯಬೇಕಾದವರು ನಾವು. ಬರೆಯುವ ಮೊದಲು ಅವಳನ್ನು ಕೇಳಬೇಕು.